ಎಷ್ಟು ಬಲ ಸಾಕು?

ಕಾಸರಗೋಡಿನ ಒಳನಾಡಿನಲ್ಲಿ ಮನೆ ಮಾಡಿಕೊಂಡವರಿಗೆ ಏರು ತಗ್ಗುಗಳು ಹೊಸತಲ್ಲ. ಕೆಳಗೆ ಅಡಿಕೆ ತೋಟ, ಮೇಲೆ ಮುರಕಲ್ಲಿನ ಪದವು, ಇವೆರಡರ ನಡುವೆ ಪ್ರತಿ ಮಳೆಗಾಲದಲ್ಲಿಯೂ ಕೊರೆದುಹೋಗುವ ಮಣ್ಣಿನ ದಾರಿ. ನಮ್ಮ ಮನೆಯೂ ಬದಿಯಡ್ಕದ ಆಚೆ ಅಂಥದೊಂದು ತಗ್ಗಿನಲ್ಲಿದೆ. ಹನ್ನೊಂದು ವರ್ಷ ದುಡಿದ ನಮ್ಮ ಸಣ್ಣ ಕಾರು ಐದು ಮಂದಿಯನ್ನು ಹೊತ್ತು ಆ ಏರನ್ನು ಹತ್ತುವಾಗ ಏದುಸಿರು ಬಿಡುತ್ತಿತ್ತು. ಏ.ಸಿ. ನಿಲ್ಲಿಸಬೇಕು, ಒಂದನೆಯ ಗೇರಿಗೆ ಇಳಿಸಬೇಕು, ಆಮೇಲೂ ಚಕ್ರ ಒಂದೆರಡು ಸಲ ಕೆಸರಿನಲ್ಲಿ ಸುಮ್ಮನೆ ತಿರುಗಬೇಕು. ‘ಇದಕ್ಕಿಂತ ಬಲವಾದ ಕಾರು ಬೇಕು’ ಎಂಬ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಆ ಏರಿನಲ್ಲಿ. ಮೊದಲು ಹೇಳಿದವರು ಯಾರೆಂದು ಈಗ ನೆನಪಿಲ್ಲ. ಹೇಳಿದ ಕಾರಣ ಮಾತ್ರ ಎಲ್ಲರಿಗೂ ನೆನಪಿದೆ: ಅಮ್ಮನಿಗಾಗಿ. ಎಂಬತ್ತು ದಾಟಿದ ಅಮ್ಮನನ್ನು ತಿಂಗಳಿಗೊಮ್ಮೆಯಾದರೂ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು.

ಆ ಹೊತ್ತಿಗೆ ಸರಕಾರವೂ ನಮ್ಮ ಆಸೆಗೆ ಗಾಳಿ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಕಾರುಗಳ ಮೇಲಿನ ತೆರಿಗೆ ಬದಲಾಯಿತು. ನಾಲ್ಕು ಮೀಟರ್ ಉದ್ದವನ್ನೂ 1,200 ಸಿಸಿಯನ್ನೂ ಮೀರದ ಪೆಟ್ರೋಲ್ ಕಾರಿಗೆ ಶೇಕಡಾ 18, ಅದನ್ನು ಮೀರಿದ್ದಕ್ಕೆ ಶೇಕಡಾ 40 ಎಂದು ನಿಗದಿಯಾಯಿತು. ಹಿಂದಿನ ತೆರಿಗೆ ಮತ್ತು ಸೆಸ್ಸಿಗೆ ಹೋಲಿಸಿದರೆ ಎರಡು ಬಗೆಯವೂ ಅಗ್ಗವಾದುವು. ಅಗತ್ಯಕ್ಕೂ ಐಷಾರಾಮಕ್ಕೂ ನಡುವಿನ ಗೆರೆಯನ್ನು ಕಾನೂನು ಹೀಗೆ ಸಿಸಿ ಮತ್ತು ಮೀಟರುಗಳಲ್ಲಿ ಎಳೆಯಬಲ್ಲುದು. ಮನೆಯೊಳಗಿನ ಗೆರೆಯನ್ನು ಮಾತ್ರ ನಾವೇ ಎಳೆದುಕೊಳ್ಳಬೇಕು.

ಎರಡು ಕಾರುಗಳನ್ನು ಓಡಿಸಿ ನೋಡುವುದೆಂದು ತೀರ್ಮಾನಿಸಿದೆವು. ಒಂದು ಸುಮಾರು 85 ಅಶ್ವಶಕ್ತಿಯ ಸಾಧಾರಣ ಕಾರು. ಇನ್ನೊಂದು ಒಂದೂವರೆ ಲೀಟರಿನ ಟರ್ಬೊ ಎಂಜಿನ್ ಇರುವ, 160 ಅಶ್ವಶಕ್ತಿಯ ಎತ್ತರದ ವಾಹನ. ಅಮ್ಮನೂ ಮಗಳೂ ಜೊತೆಗೆ ಬಂದರು. ಮಳಿಗೆಯ ಯುವಕ ಮಲಯಾಳ, ತುಳು, ಕನ್ನಡ ಮೂರರಲ್ಲಿಯೂ ವಿನಯವಾಗಿ ವಿವರಿಸಿದ. ಮೊದಲನೆಯದರ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಅದು ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡಿತು. ಎರಡನೆಯದನ್ನು ಆರು ಪಥಗಳಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಏರಿಸಿ ಪಾದವನ್ನು ತುಸು ಒತ್ತಿದಾಗ ಬೆನ್ನು ಆಸನಕ್ಕೆ ಅಂಟಿತು. ಮುಂದಿದ್ದ ಲಾರಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಂದಾಯಿತು. ಮಗಳು ನಕ್ಕಳು, ನಾವೂ ನಕ್ಕೆವು. ಆ ಸಂತೋಷ ಸುಳ್ಳಾಗಿರಲಿಲ್ಲ. ಬಲದಲ್ಲಿ ಒಂದು ಆನಂದವಿದೆ. ಅದನ್ನು ಅನುಭವಿಸಿಯೂ ಅಲ್ಲಗಳೆಯುವುದು ವೈರಾಗ್ಯವಲ್ಲ, ಬೂಟಾಟಿಕೆ.

ಆದರೆ ಟೆಸ್ಟ್ ಡ್ರೈವ್ ಎಂಬುದು ಒಂದು ವಿಚಿತ್ರವಾದ ಪರೀಕ್ಷೆ. ಅಲ್ಲಿ ಪೆಟ್ರೋಲು ಮಳಿಗೆಯದು, ಟೈರು ಮಳಿಗೆಯದು, ಸವಕಳಿ ಮಳಿಗೆಯದು. ನಮ್ಮ ಪಾಲಿಗೆ ಬರುವುದು ಹತ್ತು ನಿಮಿಷದ ಸುಖವೊಂದೇ. ಜೊತೆಗೆ, ಆ ಸುಖವೂ ಒಂದೇ ಆಸನಕ್ಕೆ, ಚಾಲಕನ ಆಸನಕ್ಕೆ ದೊರೆಯುವಂಥದು.

ಮನೆಗೆ ಮರಳಿದ ಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಮೊದಲು ಬಲದ ಲೆಕ್ಕ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಸಾಗಲು ಇಂಥ ಕಾರಿಗೆ ಬೇಕಾಗುವುದು ಸುಮಾರು ಹನ್ನೆರಡರಿಂದ ಹದಿನೈದು ಅಶ್ವಶಕ್ತಿ ಮಾತ್ರ. ಹತ್ತಡಿಗೆ ಒಂದಡಿ ಏರುವ ದಾರಿಯನ್ನು ಐದು ಮಂದಿಯೊಡನೆ ನಲವತ್ತರ ವೇಗದಲ್ಲಿ ಹತ್ತಲು ಇಪ್ಪತ್ತೈದು, ಮೂವತ್ತು ಸಾಕು. ಹೆಚ್ಚು ಬಲ ಬೇಕಾಗುವುದು ಎದುರಿನ ವಾಹನವನ್ನು ದಾಟುವಾಗ: ಆರು ಸೆಕೆಂಡಿನಲ್ಲಿ ಅರುವತ್ತರಿಂದ ತೊಂಬತ್ತರ ವೇಗಕ್ಕೆ ಏರಬೇಕಾದರೆ ಅರುವತ್ತು, ಎಪ್ಪತ್ತು ಅಶ್ವಶಕ್ತಿಯ ಕೆಲಸವಿದೆ. ಹಾಗಾದರೆ 85 ಇರುವ ಕಾರು ಬಲಹೀನವೆಂದು ತೋರುವುದೇಕೆ? ಸಣ್ಣ ಎಂಜಿನ್ ತನ್ನ ಪೂರ್ಣ ಬಲವನ್ನು ವೇಗವಾಗಿ ತಿರುಗುವಾಗ ಮಾತ್ರ ಕೊಡುತ್ತದೆ. ಚಾಲಕ ಗೇರು ಇಳಿಸಬೇಕು, ಒಂದು ಕ್ಷಣ ಕಾಯಬೇಕು. ಟರ್ಬೊ ಎಂಜಿನ್ ಆ ಕಾಯುವಿಕೆಯನ್ನು ಕೇಳುವುದಿಲ್ಲ. ನಾವು ಹೆಚ್ಚು ಹಣ ಕೊಟ್ಟು ಕೊಳ್ಳಲು ಹೊರಟದ್ದರಲ್ಲಿ ಒಂದು ಭಾಗ ನಮ್ಮ ಅಸಹನೆಯ ಬೆಲೆಯೇ ಆಗಿತ್ತು.

ಇನ್ನು ಹಣದ ಲೆಕ್ಕ. ವರ್ಷಕ್ಕೆ ನಮ್ಮ ಓಡಾಟ ಸುಮಾರು 12,000 ಕಿಲೋಮೀಟರ್. ಸಾಧಾರಣ ಕಾರು ಲೀಟರಿಗೆ 16 ಕಿಲೋಮೀಟರ್, ಬಲವಾದದ್ದು 12 ಕಿಲೋಮೀಟರ್ ಓಡುತ್ತದೆ ಎಂದು ಹಿಡಿದರೆ ಒಂದಕ್ಕೆ 750 ಲೀಟರ್, ಇನ್ನೊಂದಕ್ಕೆ 1,000 ಲೀಟರ್ ಬೇಕು. ಲೀಟರಿಗೆ 105 ರೂಪಾಯಿಯಂತೆ ವ್ಯತ್ಯಾಸ 26,250 ರೂಪಾಯಿ. ಪೆಟ್ರೋಲು ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ವರ್ಷಕ್ಕೆ ಐನೂರ ಎಪ್ಪತ್ತೈದು ಕಿಲೋ ಹೆಚ್ಚುವರಿ ಹೊಗೆಯನ್ನು, ಕಾರಿನೊಳಗೆ ಎಂದೂ ಕೂರದವರಿಗೂ ಹಂಚಿದಂತೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಭೇದವಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿಸಿಯವರೆಗಿನ ಎಲ್ಲ ಕಾರುಗಳಿಗೂ 3,416 ರೂಪಾಯಿ. ವಿಮೆಯ ಕಣ್ಣಿಗೆ ಕಾಣುವುದು ಸಿಸಿ, ಅಶ್ವಶಕ್ತಿಯಲ್ಲ.

ಕಣ್ಣಿಗೆ ಕಾಣದ ಖರ್ಚು ಇನ್ನೂ ದೊಡ್ಡದು. ಎರಡು ಕಾರುಗಳ ಬೆಲೆಯ ಅಂತರ ಐದು ಲಕ್ಷ. ವಿಮೆಯವರು ಸವಕಳಿ ಹಾಕುವ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಬೆಲೆಯಿಂದ ಶೇಕಡಾ 50 ಕಳೆಯುತ್ತಾರೆ. ಆ ಲೆಕ್ಕದಲ್ಲಿ ಹೆಚ್ಚುವರಿ ಐದು ಲಕ್ಷದಲ್ಲಿ ಎರಡೂವರೆ ಲಕ್ಷ ಐದು ವರ್ಷಗಳಲ್ಲಿ ಕರಗುತ್ತದೆ, ವರ್ಷಕ್ಕೆ 50,000. ಆ ಐದು ಲಕ್ಷವನ್ನು ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ಪಡೆದರೆ ಬಡ್ಡಿಯೇ ವರ್ಷಕ್ಕೆ ಸರಾಸರಿ 24,500 ರೂಪಾಯಿ. ಎಲ್ಲ ಕೂಡಿಸಿದಾಗ ಬಲದ ಹೆಚ್ಚಳಕ್ಕೆ ನಾವು ತೆರಬೇಕಾದದ್ದು ವರ್ಷಕ್ಕೆ ಒಂದು ಲಕ್ಷಕ್ಕೆ ತುಸು ಮೇಲೆ, ತಿಂಗಳಿಗೆ ಸುಮಾರು 8,400 ರೂಪಾಯಿ.

ಇಲ್ಲಿ ನಮ್ಮ ಬಗ್ಗೆಯೇ ನಮಗೆ ನಗು ಬಂತು. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ. ಆದುದರಿಂದ ಮಂಗಳೂರಿಗೆ ಹೋದಾಗಲೆಲ್ಲ ಗಡಿಯಾಚೆ ಟ್ಯಾಂಕು ತುಂಬಿಸಿಕೊಂಡು, ತಲಪಾಡಿ ದಾಟಿ ಬರುವಾಗ ನೂರೈವತ್ತು ರೂಪಾಯಿ ಉಳಿಸಿದೆವೆಂದು ಹಿಗ್ಗುವುದು ಗಡಿನಾಡಿನ ನಮಗೆಲ್ಲ ರೂಢಿಯಾಗಿದೆ. ನೂರರ ಲೆಕ್ಕದಲ್ಲಿ ಇಷ್ಟು ಎಚ್ಚರವಿರುವ ನಾವು ಲಕ್ಷದ ಲೆಕ್ಕದಲ್ಲಿ ಕಣ್ಣು ಮುಚ್ಚುವುದೇಕೆ? ನೂರನ್ನು ಕೈಯಿಂದ ಎಣಿಸಿ ಕೊಡುತ್ತೇವೆ. ಲಕ್ಷವು ನಮ್ಮನ್ನು ಕೇಳದೆ ಕಂತು ಕಂತಾಗಿ ಹೋಗುತ್ತದೆ. ಕಾರಣ ಅಷ್ಟೇ ಇರಲಾರದು. ಆ ಲಕ್ಷದ ಮೇಲೆ ನಾವು ‘ಅಮ್ಮನಿಗಾಗಿ’ ಎಂಬ ಚೀಟಿಯನ್ನು ಅಂಟಿಸಿದ್ದೆವು. ಅಂಥ ಚೀಟಿ ಇರುವ ಖರ್ಚನ್ನು ಪ್ರಶ್ನಿಸುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಬಲದ ಪರವಾಗಿ ಹೇಳಬಹುದಾದದ್ದನ್ನೂ ನ್ಯಾಯವಾಗಿ ಹೇಳಬೇಕು. ಎರಡು ಪಥದ ರಸ್ತೆಯಲ್ಲಿ ದಾಟುವಾಗ ಎದುರು ದಿಕ್ಕಿನ ಪಥದಲ್ಲಿ ಕಡಮೆ ಹೊತ್ತು ಇರುವುದು ಕ್ಷೇಮ. ರಾತ್ರಿ ಬಸ್ಸಿಲ್ಲದ ಊರಿನಲ್ಲಿ ರೋಗಿಯನ್ನು ಕರೆದೊಯ್ಯುವವರಿಗೆ ನಂಬಿಗಸ್ತ ವಾಹನವೊಂದು ಐಷಾರಾಮವಲ್ಲ. ತನ್ನ ಸರಳತೆಯ ಹೆಮ್ಮೆಗಾಗಿ ಮನೆಯವರನ್ನು ಕಷ್ಟಕ್ಕೆ ಒಡ್ಡುವವನನ್ನು ನಾವು ಮೆಚ್ಚಲಾರೆವು. ಆದರೆ ಕಳೆದ ವರ್ಷ ಅಮ್ಮನಿಗೆ ಉಸಿರು ಕಟ್ಟಿದ ರಾತ್ರಿಯನ್ನು ನೆನೆದಾಗ, ನಮ್ಮನ್ನು ತಡೆದದ್ದು ಎಂಜಿನ್ ಅಲ್ಲ, ಮನೆಯ ಮುಂದಿನ ಕೆಸರು ಎಂಬುದು ಸ್ಪಷ್ಟವಾಯಿತು. ಚಕ್ರ ಜಾರಿದ್ದು ಬಲ ಸಾಲದೆ ಅಲ್ಲ, ನೆಲ ಗಟ್ಟಿಯಿಲ್ಲದೆ. ಜಾರುವ ನೆಲದಲ್ಲಿ ಹೆಚ್ಚಿನ ಬಲ ಚಕ್ರವನ್ನು ಇನ್ನಷ್ಟು ಬೇಗ ತಿರುಗಿಸುತ್ತದೆ, ಅಷ್ಟೇ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಿದಾಗಲೂ ನಾವೆಲ್ಲ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿತಿದ್ದೆವು. ದಾರಿಯೇ ಇಲ್ಲದಾಗ ವಾಹನದ ಬಲಕ್ಕೆ ಅರ್ಥವಿರುವುದಿಲ್ಲ.

ಟೆಸ್ಟ್ ಡ್ರೈವಿನ ದಿನ ನಾವು ಕಂಡೂ ಕಾಣದ ಸಂಗತಿಯೊಂದಿತ್ತು. ಆ ಎತ್ತರದ ವಾಹನವನ್ನು ಅಮ್ಮ ತಾವಾಗಿ ಹತ್ತಲಿಲ್ಲ. ಮಂಡಿ ಅಷ್ಟು ಮೇಲಕ್ಕೆ ಮಡಚಲಿಲ್ಲ. ಮಳಿಗೆಯ ಯುವಕ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟ. ಇಬ್ಬರು ಕೈಹಿಡಿದು ಹತ್ತಿಸಿದೆವು. ನಾವು ಲಾರಿಯನ್ನು ದಾಟಿ ನಗುತ್ತಿದ್ದಾಗ ಅವರು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಇಳಿಯುವಾಗ ಅವರು ಕೇಳಿದ್ದು ಒಂದೇ ಮಾತು: “ಆ ಸ್ಟೂಲನ್ನೂ ಇದರೊಟ್ಟಿಗೆ ಕೊಡುತ್ತಾರೆಯೇ?” ನಾವು ಅದನ್ನು ತಮಾಷೆಯೆಂದು ತಿಳಿದಿದ್ದೆವು. ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತ ರಾತ್ರಿ ಆ ಮಾತು ಮತ್ತೆ ನೆನಪಾಗಿ ಎಲ್ಲರೂ ಸುಮ್ಮನಾದೆವು. ಯಾರ ಹೆಸರಿನಲ್ಲಿ ಬಲವನ್ನು ಬಯಸಿದೆವೋ ಅವರಿಗೆ ಅದನ್ನು ಹತ್ತುವುದೇ ಸಾಧ್ಯವಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ಪರಿಚಿತ. ದಿನನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿಳಿಹೇಳಿದಳು. ಮಾರಯ್ಯ ತನಗಾಗಿ ತಂದವನಲ್ಲ. ದಾಸೋಹಕ್ಕಾಗಿ, ಶರಣರಿಗಾಗಿ ತಂದವನು. ಕಥೆಯ ತೂಕವಿರುವುದು ಅಲ್ಲಿಯೇ. ತನಗಾಗಿ ಹೆಚ್ಚು ಬಯಸುವವನನ್ನು ಯಾರಾದರೂ ಗುರುತಿಸಬಲ್ಲರು. ಇನ್ನೊಬ್ಬರ ಹೆಸರಿನಲ್ಲಿ ಬರುವ ಆಸೆಯನ್ನು ಗುರುತಿಸುವುದಕ್ಕೆ ಲಕ್ಕಮ್ಮನ ಕಣ್ಣು ಬೇಕು.

ಕಠೋಪನಿಷತ್ತು ದೇಹವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಲಗಾಮಿಗೂ, ಬುದ್ಧಿಯನ್ನು ಸಾರಥಿಗೂ ಹೋಲಿಸುತ್ತದೆ. ಅಲ್ಲಿ ರಥದ ಒಡೆಯನು ಲಗಾಮು ಹಿಡಿದವನಲ್ಲ, ರಥದಲ್ಲಿ ಕುಳಿತು ಸಾಗುವವನು. ಮನೆಯ ವಾಹನಕ್ಕೂ ಈ ಮಾತು ಸಲ್ಲುತ್ತದೆಂದು ನಮಗೆ ತೋರುತ್ತದೆ. 160 ಕುದುರೆಗಳು ಬೇಕೇ, 85 ಸಾಕೇ ಎಂಬುದನ್ನು ಚಾಲಕನ ಆಸನದಲ್ಲಿ ಕುಳಿತು ನಿರ್ಧರಿಸಿದರೆ ಉತ್ತರ ಯಾವಾಗಲೂ ಒಂದೇ. ಹಿಂದಿನ ಆಸನದಲ್ಲಿ, ಅಮ್ಮನ ಪಕ್ಕದಲ್ಲಿ ಕುಳಿತು ನೋಡಬೇಕು. ರಸ್ತೆಯ ಅಂಚಿನಲ್ಲಿ ಪುಸ್ತಕದ ಚೀಲ ಹೊತ್ತು ನಡೆಯುವ ಮಗುವಿನ ಕಡೆಯಿಂದಲೂ ನೋಡಬೇಕು. ವೇಗ 80ರಿಂದ 100ಕ್ಕೆ ಏರಿದರೆ ವಾಹನದ ಚಲನಶಕ್ತಿ ಏರುವುದು ಕಾಲು ಭಾಗವಲ್ಲ, ಅರ್ಧಕ್ಕಿಂತ ಹೆಚ್ಚು. ಆ ಹೆಚ್ಚಳದ ಅಪಾಯ ಕಾರಿನೊಳಗಿನವರಿಗಿಂತ ಮೊದಲು ಹೊರಗಿನವರದು.

ಕೊನೆಗೆ ನಾವು ಸಾಧಾರಣ ಕಾರನ್ನೇ ಕೊಂಡೆವು. ಅದರ ನೆಲ ತಗ್ಗಿನಲ್ಲಿದೆ. ಅಮ್ಮ ಮೊದಲು ಕುಳಿತು, ಬಳಿಕ ಕಾಲುಗಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ಮಗಳಿಗೆ ಸ್ವಲ್ಪ ನಿರಾಸೆಯಾಯಿತು. ನಮಗೂ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಮ್ಮನ ಹೆಸರಿನಲ್ಲಿ ತೆಗೆದಿಟ್ಟ ಹಣ ಅಮ್ಮನಿಗೇ ತಲಪಬೇಕೆಂದು ನಿಶ್ಚಯಿಸಿ, ಮೊದಲ ವರ್ಷದ ಉಳಿತಾಯವನ್ನು ಮನೆಯ ಮುಂದಿನ ಏರಿಗೆ ಹಾಕಿದೆವು. ದಾರಿ ನಮ್ಮೊಬ್ಬರದಲ್ಲ, ಮೂರು ಮನೆಗಳದು. ಉಳಿದ ಇಬ್ಬರೂ ಕೈಜೋಡಿಸಿದರು. ಚಕ್ರ ಓಡುವ ಎರಡು ಪಟ್ಟಿಗಳಿಗೆ ಕಾಂಕ್ರೀಟು ಬಿತ್ತು, ಬದಿಗೆ ನೀರು ಹರಿಯುವ ಕಣಿಯಾಯಿತು.

ಈಗ ಹಳೆಯ ಏದುಸಿರಿಲ್ಲದೆ ಕಾರು ಮೇಲೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ‘ಕೆಳಗೆ ಬರಲಾರೆ, ಮೇಲೆಯೇ ನಿಲ್ಲುತ್ತೇನೆ’ ಎನ್ನುತ್ತಿದ್ದ ರಿಕ್ಷಾದವನು ಅಂಗಳದವರೆಗೆ ಬರುತ್ತಾನೆ. ನೆರೆಮನೆಯ ಹುಡುಗಿ ಸ್ಕೂಟರನ್ನು ತಳ್ಳದೆ ಓಡಿಸಿಕೊಂಡು ಕಾಲೇಜಿಗೆ ಹೋಗುತ್ತಾಳೆ. ನಾಳೆ ನಾವು ಊರಲ್ಲಿಲ್ಲದ ರಾತ್ರಿ ಅಮ್ಮನಿಗೆ ತೊಂದರೆಯಾದರೆ ಆಂಬುಲೆನ್ಸ್ ಬಾಗಿಲಿಗೆ ಬರಬಹುದು. ಎಂಜಿನ್ನಿಗೆ ಕೊಟ್ಟ ಬಲ ಆ ವಾಹನದೊಡನೆ ಸವೆಯುತ್ತದೆ. ದಾರಿಗೆ ಕೊಟ್ಟ ಬಲ ಅಲ್ಲಿ ನಡೆಯುವ ಎಲ್ಲರದೂ ಆಗುತ್ತದೆ. ಎಷ್ಟು ಬಲ ಸಾಕು ಎಂಬ ಪ್ರಶ್ನೆಗೆ ನಮಗೆ ಅಂಕಿಯೊಂದು ದೊರೆಯಲಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳುವ ಮೊದಲು ಯಾರಿಗೆ ಎಂದು ಕೇಳಿಕೊಳ್ಳಬೇಕೆಂಬುದನ್ನು ಒಂದು ಪ್ಲಾಸ್ಟಿಕ್ ಸ್ಟೂಲು ನಮಗೆ ಕಲಿಸಿತು.