ಮೊದಲು ಕೊಂಡವನ ಹಕ್ಕು

ರಾಯಚೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಮಗ ಈದ್‌ಗೆ ಸಿಕ್ಕ ಹಣ ಕೂಡಿಟ್ಟು ಒಂದು ವಿಡಿಯೊ ಗೇಮ್ ಕೊಂಡಿದ್ದಾನೆ. ಕೆಲವು ವರ್ಷಗಳ ಬಳಿಕ ಅದೇ ಗೇಮ್ ಹೊಸ ರೂಪದಲ್ಲಿ, ಪೂರ್ತಿ ಬೆಲೆಗೆ ಮತ್ತೆ ಮಾರುಕಟ್ಟೆಗೆ ಬರುತ್ತದೆ. “ಅಬ್ಬಾ, ಒಮ್ಮೆ ದುಡ್ಡು ಕೊಟ್ಟಿದ್ದೇನಲ್ಲ, ಮತ್ತೆ ಅಷ್ಟೇ ಯಾಕೆ ಕೊಡಬೇಕು?” ಎಂದು ಅವನು ಕೇಳುತ್ತಾನೆ. ಮಕ್ಕಳಾಟದ ಮಾತೆಂದು ತಳ್ಳಿಹಾಕಬೇಡಿ. ಅವನು ಕೇಳುತ್ತಿರುವುದು ನ್ಯಾಯದ ಪ್ರಶ್ನೆ.

ಇದು ಕಲ್ಪನೆಯ ಮಾತಲ್ಲ. 2013ರ ‘ದಿ ಲಾಸ್ಟ್ ಆಫ್ ಅಸ್’ ಗೇಮನ್ನು ಸೋನಿ ಕಂಪೆನಿಯು 2022ರಲ್ಲಿ ಹೊಸದಾಗಿ ನಿರ್ಮಿಸಿ ಸುಮಾರು 70 ಡಾಲರಿಗೆ ಮಾರಿತು. ಹಳೆಯ ಗಿರಾಕಿಗೂ ಅದೇ ಬೆಲೆ. ಆದರೆ ಅದರ ಎರಡನೆಯ ಭಾಗದ ಪರಿಷ್ಕೃತ ಆವೃತ್ತಿ 2024ರಲ್ಲಿ ಬಂದಾಗ, ಮೊದಲೇ ಕೊಂಡವರು 10 ಡಾಲರ್ ಕೊಟ್ಟರೆ ಸಾಕಾಯಿತು. 2011ರಲ್ಲಿ ನಿಂಟೆಂಡೊ ತನ್ನ ‘3ಡಿಎಸ್’ ಯಂತ್ರದ ಬೆಲೆಯನ್ನು ಕೆಲವೇ ತಿಂಗಳಲ್ಲಿ 250 ಡಾಲರಿನಿಂದ 170ಕ್ಕೆ ಇಳಿಸಿತು. ಆಗ ಮೊದಲ ಗಿರಾಕಿಗಳಿಗೆ 20 ಗೇಮ್‌ಗಳನ್ನು ಉಚಿತವಾಗಿ ಕೊಟ್ಟಿತು.

ಹಾಗಾದರೆ ಮೊದಲು ಕೊಂಡವನಿಗೆ ಹಕ್ಕಿದೆಯೇ?

ಬೆಲೆಯ ಏರಿಳಿತವೇ ಅನ್ಯಾಯವಲ್ಲ. ಮಾನ್ವಿಯ ಭತ್ತ, ದೇವದುರ್ಗದ ಹತ್ತಿ ಕಳೆದ ವಾರದ ದರಕ್ಕೇ ಈ ವಾರವೂ ಮಾರಾಟವಾಗುವುದಿಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿಪಡಿಸಲು ಜನರು ಕೋರಿದರೂ ಪ್ರವಾದಿ(ಸ)ರು ಒಪ್ಪಲಿಲ್ಲ. ಮಗನ ಹಳೆಯ ಗೇಮ್ ಇನ್ನೂ ಅವನ ಕೈಯಲ್ಲಿದೆ, ಅದರ ಸುಖವನ್ನೂ ಅವನು ಉಂಡಿದ್ದಾನೆ. ಹೊಸದಕ್ಕೆ ಹೊಸ ದುಡಿಮೆ ತಗುಲಿದೆ. ಉಚಿತವಾಗಿ ಕೊಡಿ ಎಂದು ಕೇಳುವ ಹಕ್ಕು ಅವನಿಗಿಲ್ಲ.

ಅನ್ಯಾಯ ಬೆಲೆಯಲ್ಲಿಲ್ಲ, ಮರೆಮಾಚುವುದರಲ್ಲಿದೆ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ತೇವ ತಗುಲಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದರು. ಹಳೆಯ ಸರಕಿಗೆ ಬಣ್ಣ ಬಳಿದು, ಏನು ಬದಲಾಗಿದೆಯೆಂದು ಹೇಳದೆ ಹೊಸದೆಂದು ಮಾರುವುದು ಆ ಒದ್ದೆ ಧಾನ್ಯದ ಸಾಲಿಗೇ ಸೇರುತ್ತದೆ.

ಈಗ ಪ್ರಶ್ನೆ ನಮ್ಮ ಬಾಗಿಲಿಗೆ ಬರಲಿ. ನಿಮ್ಮದೊಂದು ಮೊಬೈಲ್ ಅಂಗಡಿ. ಮುಂದಿನ ವಾರ ಈ ಮಾಡೆಲ್‌ನ ಬೆಲೆ ಇಳಿಯುತ್ತದೆಂದು ನಿಮಗೆ ಖಚಿತವಾಗಿ ಗೊತ್ತು. ಹಳ್ಳಿಯಿಂದ ಬಂದ ಕೂಲಿಯವರೊಬ್ಬರು ಪೂರ್ತಿ ಹಣ ಎಣಿಸುತ್ತಿದ್ದಾರೆ. ಅವರು ಕೇಳಿದರೆ ಸುಳ್ಳು ಹೇಳುವಂತಿಲ್ಲ, ಅದು ಸ್ಪಷ್ಟ. ಕೇಳದಿದ್ದರೆ? ನಾಳೆಯ ದರ ಇಂದಿನ ಸರಕಿನ ದೋಷವಲ್ಲ ಎಂದು ನೀವು ವಾದಿಸಬಹುದು. ಆ ವಾದ ಪೊಳ್ಳೇನೂ ಅಲ್ಲ. ಆದರೆ ಅವರ ಜಾಗದಲ್ಲಿ ನಿಮ್ಮ ಸ್ವಂತ ತಮ್ಮ ನಿಂತಿದ್ದರೆ ಸುಮ್ಮನಿರುತ್ತಿದ್ದಿರಾ? ತನಗೆ ಬಯಸುವುದನ್ನೇ ಸಹೋದರನಿಗೂ ಬಯಸುವವನೇ ವಿಶ್ವಾಸಿ ಎಂದು ಕಲಿತವರು ನಾವು.

ಪವಿತ್ರ ಕುರ್‌ಆನ್ ನ್ಯಾಯದ ಜೊತೆಗೇ ಇಹ್ಸಾನನ್ನೂ ಆಜ್ಞಾಪಿಸುತ್ತದೆ. ಮೋಸ ಮಾಡದಿರುವುದು ನ್ಯಾಯ. ನಮ್ಮನ್ನು ನಂಬಿ ಮೊದಲು ಬಂದವನನ್ನು ನೆನಪಿಟ್ಟು ಅವನಿಗೆ ರಿಯಾಯಿತಿ ಕೊಡುವುದು ಇಹ್ಸಾನ್. ಮೊದಲನೆಯದನ್ನು ಗಿರಾಕಿ ಹಕ್ಕಿನಿಂದ ಕೇಳಬಹುದು. ಎರಡನೆಯದನ್ನು ವ್ಯಾಪಾರಿಯೇ ಮನಸ್ಸು ಮಾಡಿ ಕೊಡಬೇಕು.

ಮಗನಿಗೆ ಹೀಗೆ ಹೇಳಿ: “ನಿನಗೆ ಯಾರೂ ಮೋಸ ಮಾಡಿಲ್ಲ ಮಗಾ. ಹಳೆಯದೇ ಸಾಕಾದರೆ ಮತ್ತೆ ಕೊಳ್ಳಬೇಡ, ಅದು ದುಂದು. ನಾಳೆ ನೀನು ಅಂಗಡಿ ಹಾಕಿದರೆ ಇವತ್ತು ನಿನಗಾದ ಬೇಸರವನ್ನು ಮರೆಯಬೇಡ.” ಬರ್ಕತ್ ಇರುವುದು ಗಲ್ಲಾಪೆಟ್ಟಿಗೆಯ ಭಾರದಲ್ಲಲ್ಲ, ಬಾಯಿಂದ ಬರುವ ಸತ್ಯದಲ್ಲಿ. ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧಗೊಳಿಸಲಿ.