ಚೀಟಿಯ ಮೇಲಿನ ಒಂದು ಅಕ್ಷರ

ಪಕ್ಕದ ಮನೆಯ ಹಿರಿಯರು ತೀರಿಕೊಂಡು ಮೂರು ತಿಂಗಳಾಗಿತ್ತು. ಏಪ್ರಿಲಿನ ಒಂದು ಶನಿವಾರ ಅವರ ಹೆಂಡತಿ ಫೋನು ಮಾಡಿ, ಬೇಸ್‌ಮೆಂಟ್ ಖಾಲಿ ಮಾಡಬೇಕಾಗಿದೆ, ಮೈದುನನ ಮಗ ಬಂದಿದ್ದಾನೆ, ನೀನೂ ಒಂದಿಷ್ಟು ಹೊತ್ತು ಬರುತ್ತೀಯಾ ಎಂದು ಕೇಳಿದರು. ಪೆನ್ಸಿಲ್ವೇನಿಯಾದ ಈ ಸಣ್ಣ ಊರಿಗೆ ನಾನು ಬಂದು ಹದಿನಾಲ್ಕು ವರ್ಷ. ಅಷ್ಟೂ ವರ್ಷ ಚಳಿಗಾಲದ ಸಂಜೆಗಳಲ್ಲಿ ಆ ಬೇಸ್‌ಮೆಂಟಿನಲ್ಲಿ ಕೂತು ಕಾಫಿ ಕುಡಿದಿದ್ದೇನೆ. ನಾನು ಬಂದೂಕು ಹಿಡಿದವನಲ್ಲ, ಹಿಡಿಯುವ ಆಸೆಯೂ ಇಲ್ಲ. ಈ ದೇಶದ ಬಂದೂಕಿನ ಮೋಹದ ಬಗ್ಗೆ ನನಗಿರುವ ಅಭಿಪ್ರಾಯ ಅವರಿಗೂ ಗೊತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಮಾತಾಡುವಷ್ಟು ಸಲಿಗೆ ನಮ್ಮಲ್ಲಿತ್ತು. ಆ ಬೇಸ್‌ಮೆಂಟಿನಲ್ಲಿ ಅವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅದು ಅಪರಾಧ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಪರವಾನಗಿ ಬೇಡ, ಮಾರುವುದಕ್ಕೆ ಮಾತ್ರ ಬೇಕು. ಹಾಗಾಗಿ ಲಕ್ಷಾಂತರ ಮಂದಿಗೆ ಇದು ಹೊಲಿಗೆ, ಮರಗೆಲಸದಂಥದೇ ಒಂದು ಮನೆಗೆಲಸ. ಗುಂಡು ಹಾರಿದ ಮೇಲೂ ಹಿತ್ತಾಳೆಯ ಕೊಳವೆ ಉಳಿಯುತ್ತದೆ. ಅದನ್ನು ತೊಳೆದು, ಅಚ್ಚಿಗೆ ಹಾಕಿ ಮೊದಲಿನ ಅಳತೆಗೆ ತಂದು, ಬುಡಕ್ಕೆ ಹೊಸ ಪ್ರೈಮರ್ ಒತ್ತಿ, ಅಳೆದ ಮದ್ದು ಸುರಿದು, ಬಾಯಿಗೆ ಹೊಸ ಗುಂಡು ಕೂರಿಸಿದರೆ ಆಯಿತು. ದುಡ್ಡು ಉಳಿಯುತ್ತದೆ, ಗುರಿಯೂ ಚೆನ್ನಾಗಿ ಕೂರುತ್ತದೆ ಎನ್ನುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಮುಗಿದೊಡನೆ ಶುರುವಾಗುವ ಜಿಂಕೆ ಬೇಟೆಗೆ ಅವರು ಅಂಗಡಿಯ ತೋಟಾ ಒಯ್ದದ್ದನ್ನು ನಾನು ಕಾಣೆ.

ಮದ್ದು ಎನ್ನುವ ನಮ್ಮ ಪದವನ್ನು ಅವರಿಗೆ ಒಮ್ಮೆ ವಿವರಿಸಿದ್ದೆ. ಔಷಧಿಯೂ ಮದ್ದು, ಕೋವಿಗೆ ಹಾಕುವುದೂ ಮದ್ದು, ಆಗದವರಿಗೆ ಅನ್ನದಲ್ಲಿ ಬೆರೆಸಿ ಕೊಡುತ್ತಾರೆಂದು ಹಳ್ಳಿಗಳಲ್ಲಿ ಹೆದರುವುದೂ ಮದ್ದೇ. ಅವರು ಜೋರಾಗಿ ನಕ್ಕು, ನಿಮ್ಮ ಭಾಷೆ ಕಟ್ಟಿದವನು ಯಾರೋ ಈ ಮೇಜಿನ ಮುಂದೆ ಕೂತಿದ್ದವನೇ ಇರಬೇಕು ಎಂದರು. ಮೂರರಲ್ಲೂ ಕೆಲಸ ಮಾಡುವುದು ಪ್ರಮಾಣ ಮತ್ತು ಗುರುತು. ಯಾವುದು, ಎಷ್ಟು. ಕಣ್ಣಿಗೆ ಎಲ್ಲವೂ ಒಂದು ಚಿಟಿಕೆ ಪುಡಿ.

ಹಳೆಯ ಕರಿಮದ್ದು ಇಷ್ಟು ಕಟುವಾಗಿರಲಿಲ್ಲವಂತೆ. ಕೊಳವೆ ತುಂಬುವಷ್ಟು ಹಾಕಬೇಕಿತ್ತು, ಅದಕ್ಕಿಂತ ಹೆಚ್ಚು ಹಿಡಿಯುತ್ತಲೇ ಇರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಲೆಕ್ಕ ತಿರುಗಿತು. .38 ಸ್ಪೆಷಲ್ ಎಂಬ ರಿವಾಲ್ವರಿನ ತೋಟಾವನ್ನೇ ತೆಗೆದುಕೊಳ್ಳಿ. ಮೊದಲು ಅದರೊಳಗೆ 21 ಗ್ರೇನ್ ಕರಿಮದ್ದು ಇರುತ್ತಿತ್ತು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಬುಲ್ಸ್‌ಐಯಂಥ ಚುರುಕು ಮದ್ದಾದರೆ ಗುರಿ ಅಭ್ಯಾಸಕ್ಕೆ 3 ಗ್ರೇನಿನ ಆಸುಪಾಸು ಸಾಕು. ಕೊಳವೆಯ ತಳದಲ್ಲಿ ಕಂಡೂ ಕಾಣದಂತೆ ಬಿದ್ದಿರುತ್ತದೆ. ಮರೆತು ಎರಡು ಸಲ ಸುರಿದರೂ ಉಕ್ಕುವುದಿಲ್ಲ, ಎಚ್ಚರಿಸುವುದಿಲ್ಲ. ಆ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್. ಅದನ್ನು ಬಹಳ ಮೀರಿದರೆ ಬಂದೂಕು ಸಿಡಿಯುವುದು ಹಿಡಿದವನ ಕೈಯಲ್ಲಿ, ಮುಖದ ಮುಂದೆ. ಪಕ್ಕದಲ್ಲಿ ನಿಂತವನಿಗೂ ಪಾಲು ಸಿಗುತ್ತದೆ.

ಇನ್ನು ಹೆಸರುಗಳ ಗೋಜಲು. ಎಚ್110 ಎಂದೂ ಡಬ್ಲ್ಯೂ296 ಎಂದೂ ಬೇರೆ ಬೇರೆ ಡಬ್ಬಿಯಲ್ಲಿ ಮಾರುವುದು ಒಂದೇ ಮದ್ದು. ಅದೇ 4895 ಎಂಬ ಒಂದೇ ಸಂಖ್ಯೆಯ ಎರಡು ಡಬ್ಬಿಗಳಲ್ಲಿ ಇರುವುದು ಎರಡು ಮದ್ದು. ಐಎಂಆರ್ 4895 ಯುದ್ಧಕಾಲದಲ್ಲಿ ಸೈನ್ಯದ ರೈಫಲ್‌ಗಳಿಗೆ ಹೋದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಸಾಸಿನ ಬ್ರೂಸ್ ಹಾಜ್ಡನ್ ಎಂಬಾತ ಸರ್ಕಾರದಲ್ಲಿ ಉಳಿದ ಮದ್ದನ್ನು ಕೊಂಡು ಜನರಿಗೆ ಮಾರಿದ. ಆ ದಾಸ್ತಾನು ಮುಗಿದಾಗ ಅದರಂಥದೇ ಒಂದನ್ನು ಮಾಡಿಸಿ ಎಚ್4895 ಎಂದು ಕರೆದ. ಅದರಂಥದೇ, ಅದೇ ಅಲ್ಲ. ಒಂದಕ್ಕೆ ಕೊಟ್ಟ ಅಳತೆಯನ್ನು ಇನ್ನೊಂದಕ್ಕೆ ಬಳಸಬಾರದು ಎಂದು ಕೈಪಿಡಿಗಳು ಹೇಳುತ್ತವೆ. ಈಗ ಎರಡು ಹೆಸರೂ ಒಂದೇ ಕಂಪನಿಯ ಒಡೆತನದಲ್ಲಿವೆ. ಎರಡೂ ಗಾಢ ಬೂದುಬಣ್ಣದ ಗಿಡ್ಡ ಕಡ್ಡಿಗಳು. ಈ ಪಾಠವನ್ನು ಅವರು ನನಗೆ ಕಡಿಮೆಯೆಂದರೆ ಹತ್ತು ಸಲ ಮಾಡಿದ್ದಾರೆ. ಬರೀ ಸಂಖ್ಯೆ ಬರೆಯುವವನು ತೋಟಾ ತುಂಬಬಾರದು, ಮುಂದಿನ ಅಕ್ಷರವೇ ಹೆಸರು, ಸಂಖ್ಯೆ ಬರೀ ಮನೆತನ ಎನ್ನುತ್ತಿದ್ದರು.

ಅವರ ನಿಯಮ ಸರಳವಾಗಿತ್ತು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಮಿಕ್ಕವು ಕೋಣೆಯ ಆಚೆ ತುದಿಯ ಕಪಾಟಿನಲ್ಲಿ. ಯಂತ್ರದ ಮೇಲಿನ ಪಾರದರ್ಶಕ ಬುರುಡೆಯಲ್ಲಿ ಉಳಿದ ಮದ್ದನ್ನು ಎದ್ದುಹೋಗುವ ಮೊದಲು ಅದೇ ಡಬ್ಬಿಗೆ ಸುರಿಯಬೇಕು. ಡಬ್ಬಿ ಬದಲಿಸಬಾರದು. ಗುರುತು ಸಿಗದ್ದು ಮದ್ದಲ್ಲ, ಕಸ. ಇದರಲ್ಲಿ ಎಲ್ಲಿಯೂ ‘ಹುಷಾರಾಗಿರು’ ಎಂಬ ಮಾತಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ನಂತರ. ಹುಷಾರಾಗಿರುವವನು ತನ್ನನ್ನು ನಂಬುತ್ತಾನೆ. ಈ ನಿಯಮಗಳು ಅವನನ್ನು ನಂಬದವರು ಮಾಡಿದಂತಿವೆ. ಆಸ್ಪತ್ರೆಯಲ್ಲಾದರೆ ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಬೇಸ್‌ಮೆಂಟಿನಲ್ಲಿ ಆ ಇನ್ನೊಬ್ಬ ಯಾರು? ನಿನ್ನೆಯ ತಾನು, ನಾಳೆಯ ತಾನು. ಅವರಿಬ್ಬರೂ ಭೇಟಿಯಾಗುವುದಿಲ್ಲ, ಚೀಟಿ ಬರೆದಿಟ್ಟು ಹೋಗಬೇಕು.

ಆ ಬುರುಡೆಯ ಪ್ಲಾಸ್ಟಿಕ್ಕು ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು. ಅದು ನನ್ನ ಪಾಪದ ಗುರುತು ಎಂದು ಅವರೇ ತೋರಿಸಿದ್ದರು. ಕೆಲವು ಮದ್ದುಗಳನ್ನು ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಹಾಗೆ ಕಲೆ ಕೂರುತ್ತದೆ. ಬಹಳ ಹಿಂದೆ ಒಂದು ರಾತ್ರಿ ಮಗಳ ಫೋನು ಬಂದು ಅರ್ಧಕ್ಕೆ ಎದ್ದು ಹೋಗಿದ್ದರು. ಮರುದಿನ ಬಂದು, ಬುರುಡೆಯಲ್ಲಿದ್ದುದನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದ ಮೇಲೆ ನೋಡುತ್ತಾರೆ, ಮೇಜಿನ ಮೇಲೆ ಎರಡು ಡಬ್ಬಿ. ಸುರಿದದ್ದು ಸರಿಯಾದ ಡಬ್ಬಿಗೇ ಎಂದು ಹೆಚ್ಚುಕಡಿಮೆ ಖಾತ್ರಿಯಿತ್ತು. ಎಷ್ಟು ಖಾತ್ರಿ ಎಂದು ನಾನು ಕೇಳಿದೆ. ನೂರಕ್ಕೆ ತೊಂಬತ್ತೈದು ಎಂದರು. ಎರಡೂ ಡಬ್ಬಿಗಳನ್ನು ಹಿತ್ತಲಿಗೆ ಒಯ್ದು ಹುಲ್ಲಿನ ಮೇಲೆ ತೆಳ್ಳಗೆ ಎರಚಿದರಂತೆ. ಇಲ್ಲಿ ಅನೇಕರು ಹಾಗೆ ಮಾಡುತ್ತಾರೆ, ಅದರಲ್ಲಿರುವ ಸಾರಜನಕ ಹುಲ್ಲಿಗೆ ಗೊಬ್ಬರ. ಆ ಬೇಸಿಗೆಯಲ್ಲಿ ಬೀದಿಯಲ್ಲೇ ಚೆಂದದ ಹುಲ್ಲು ನನ್ನದು ಎಂದು ಹೇಳಿಕೊಂಡು ನಗುತ್ತಿದ್ದರು.

ನನ್ನನ್ನು ಕಾಡಿದ್ದು ಆ ತೊಂಬತ್ತೈದು. ನಮ್ಮ ಬದುಕಿನ ಬಹುಪಾಲು ಅದಕ್ಕಿಂತ ಕಡಿಮೆ ಅಂಕದಲ್ಲೇ ನಡೆಯುತ್ತದೆ. ನೈಯಾಯಿಕರು ನೆನಪನ್ನು ಪ್ರಮಾಣಗಳ ಸಾಲಿಗೆ ಸೇರಿಸುವುದಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹ ಬುದ್ಧಿಯನ್ನು ಸ್ಮೃತಿ ಮತ್ತು ಅನುಭವ ಎಂದು ಎರಡಾಗಿ ಮಾಡಿ, ಪ್ರಮೆಯ ಪಟ್ಟವನ್ನು ಅನುಭವಕ್ಕಷ್ಟೇ ಕೊಡುತ್ತದೆ. ನೆನಪು ನಿಜವಾಗಿರಬಹುದು, ಆದರೆ ಅದು ಹಳೆಯ ಅನುಭವದ ಸಾಲದ ಮೇಲೆ ಬದುಕುವಂಥದು, ಸ್ವಂತ ಗಳಿಕೆ ಇಲ್ಲ. ದ್ವೈತಿಗಳು ಇದನ್ನು ಒಪ್ಪಲಿಲ್ಲ. ಜಯತೀರ್ಥರು ನೆನಪೂ ಪ್ರಮಾಣವೇ ಎಂದು ವಾದಿಸಿದರು. ನನಗೆ ದ್ವೈತಿಗಳ ಮಾತು ಹೆಚ್ಚು ಮಾನವೀಯವಾಗಿ ಕಾಣುತ್ತದೆ. ನೆನಪನ್ನು ನಂಬದೆ ಯಾರು ಮನೆಯ ದಾರಿ ಹಿಡಿದಾರು, ಯಾರು ಕೊಟ್ಟ ಮಾತು ಉಳಿಸಿಕೊಂಡಾರು? ಆದರೂ ಆ ಮೇಜಿನ ಮುಂದೆ ಕೂತಾಗ ಮನುಷ್ಯ ನೈಯಾಯಿಕನಾಗಲೇಬೇಕು. ಅಲ್ಲಿ ನೆನಪಿನ ಸಾಲ ತೀರಿಸಬೇಕಾಗುವುದು ಕಣ್ಣಿನಿಂದ, ಬೆರಳಿನಿಂದ.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ಸಂಶಯವಿದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ತನ್ನನ್ನು ತಾನೇ ಸಮಾಧಾನಪಡಿಸಿ, ಪ್ರಾಮಾಣಿಕವಾಗಿಯೇ ನಂಬಿ, ವಲಸಿಗರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಇವನಿಗೆ ವಿಮೆಯ ಹಣ ಬರುತ್ತದೆ. ಹಡಗು ಸುರಕ್ಷಿತವಾಗಿ ತಲುಪಿದ್ದರೂ ಅವನ ತಪ್ಪು ಅಷ್ಟೇ ಇರುತ್ತಿತ್ತು ಎನ್ನುತ್ತಾನೆ ಕ್ಲಿಫರ್ಡ್, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಬರೆದವನಿಗೆ ಹಡಗೊಡೆಯುವುದು ಬರೀ ಉಪಮೆಯಾಗಿರಲಿಲ್ಲ. 1870ರಲ್ಲಿ ಸೂರ್ಯಗ್ರಹಣ ನೋಡಲು ಹೊರಟು ಸಿಸಿಲಿಯ ಬಳಿ ಹಡಗೊಡೆದು ಬದುಕಿ ಬಂದವನು ಆತ. ನಾನು ಈ ಪ್ರಬಂಧ ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಆಗ ಅದು ತೀರಾ ಬಿಗಿ ಎನಿಸಿತ್ತು.

ಆ ಶನಿವಾರ ಬೇಸ್‌ಮೆಂಟಿನಲ್ಲಿ ಡಬ್ಬಿಗಳ ವಿಲೇವಾರಿ ಬೇಗ ಮುಗಿಯಿತು. ಮೊಹರು ಒಡೆಯದವನ್ನು ಹುಡುಗ ತೆಗೆದುಕೊಂಡ, ತೆರೆದಿದ್ದವನ್ನು ಬೇರೆ ಇಟ್ಟ. ಹುಡುಗ ಎಂದೆ, ನಲವತ್ತರ ಹತ್ತಿರದವನು. ಬೇಟೆ ಕಲಿತದ್ದು ದೊಡ್ಡಪ್ಪನಿಂದಲೇ. ಉಳಿದದ್ದು ಕಪಾಟಿನ ಮೇಲಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರಲ್ಲಿ ತುಂಬಿಟ್ಟ ಐವತ್ತು ರೈಫಲ್ ತೋಟಾ. ದೊಡ್ಡಪ್ಪ ತುಂಬಿದ ಕೊನೆಯ ಪೆಟ್ಟಿಗೆ. ಈ ವರ್ಷದ ಜಿಂಕೆ ಇದರಿಂದಲೇ ಎಂದು ಅವನು ಹೇಳಿದಾಗ ಅವನ ದೊಡ್ಡಮ್ಮನ ಕಣ್ಣು ತುಂಬಿತು.

ಮುಚ್ಚಳದ ಚೀಟಿಯನ್ನು ನಾನು ಓದಿದೆ. ಗುಂಡಿನ ತೂಕ, ಮದ್ದಿನ ತೂಕ, ಹಿಂದಿನ ಅಕ್ಟೋಬರಿನ ತಾರೀಖು, ಎಲ್ಲ ಅವರದೇ ಚೌಕಾಕಾರದ ಅಕ್ಷರ. ಮದ್ದಿನ ಹೆಸರಿನ ಜಾಗದಲ್ಲಿ ‘4895’ ಎಂದಷ್ಟೇ ಇತ್ತು. ಉಜ್ಜಿ ಅಳಿಸಿಹೋದದ್ದಲ್ಲ. ಬರೆದೇ ಇರಲಿಲ್ಲ.

ಆ ಅಕ್ಟೋಬರಿನಲ್ಲಿ ಅವರು ಕೇಳಿದ್ದನ್ನೇ ಕೇಳತೊಡಗಿದ್ದರು. ನನ್ನ ಮಗನ ಕಾಲೇಜು ಯಾವುದು ಎಂದು ಒಂದೇ ಸಂಜೆ ಮೂರು ಸಲ. ಕಾಫಿಗೆ ಹಾಲು ಹಾಕಿ, ಮತ್ತೆ ಹಾಕಲು ಎದ್ದದ್ದು. ನಾನು ನೋಡಿದ್ದೆ, ಅವರ ಹೆಂಡತಿ ನೋಡಿದ್ದರು. ಇಬ್ಬರೂ ಆ ಮಾತನ್ನು ಒಬ್ಬರಿಗೊಬ್ಬರು ಆಡಿರಲಿಲ್ಲ. ಚಳಿಗಾಲದಲ್ಲಿ ಹೃದಯ ನಿಂತುಹೋಗಿ, ಆಡುವ ಅಗತ್ಯವೂ ತಪ್ಪಿತ್ತು. ಇಷ್ಟು ಅಚ್ಚುಕಟ್ಟಾದ ಮನುಷ್ಯ ಎಂದೇ ಎಲ್ಲರೂ ಅಂತ್ಯಸಂಸ್ಕಾರದಲ್ಲಿ ನೆನೆದದ್ದು.

ಸುಮ್ಮನಿರಬಹುದಿತ್ತು. ಎರಡು 4895ಗಳ ನಡುವಿನ ಅಂತರ ದೊಡ್ಡದಲ್ಲ. ದೊಡ್ಡ ರೈಫಲ್ ತೋಟಾದಲ್ಲಿ ಈ ಮದ್ದು ಕೊಳವೆಯ ಬಹುಭಾಗ ತುಂಬುವುದರಿಂದ ಎರಡು ಸಲ ಸುರಿಯುವ ಭಯವೂ ಇಲ್ಲ. ಇದನ್ನೆಲ್ಲ ಆಮೇಲೆ ಹುಡುಗನೇ ಹೇಳಿದ. ಆದರೆ ಆ ಅಕ್ಷರ ಬಿಟ್ಟ ಸಂಜೆ ಇನ್ನೇನು ಬಿಟ್ಟುಹೋಗಿತ್ತು ಎನ್ನುವುದು ನನ್ನ ಪ್ರಶ್ನೆ. ಎಷ್ಟು ಡಬ್ಬಿ ಮೇಜಿನ ಮೇಲಿದ್ದವು? ಬುರುಡೆಯಲ್ಲಿ ಹಿಂದಿನ ದಿನದ್ದು ಏನಿತ್ತು? ಸತ್ತವರ ಮೇಲಿನ ಪ್ರೀತಿಗೂ ಅವರ ಕೊನೆಯ ಪೆಟ್ಟಿಗೆಯ ಮೇಲಿನ ನಂಬಿಕೆಗೂ ಸಂಬಂಧವಿಲ್ಲ ಎಂದು ಹೇಳುವುದು ಸುಲಭ, ಆ ಹೆಂಗಸಿನ ಎದುರು ನಿಂತು ಹೇಳುವುದು ಬೇರೆ. ಬಂದೂಕಿನ ಗಂಧವಿಲ್ಲದ ಹೊರಗಿನವನೊಬ್ಬ ಗಂಡನ ಕೈಕೆಲಸಕ್ಕೆ ತಪ್ಪು ಹುಡುಕಿದಂತಾಗುವುದಿಲ್ಲವೇ? ಹಾಗೆಂದು ಒಂದೆರಡು ನಿಮಿಷ ಪೆಟ್ಟಿಗೆ ಹಿಡಿದೇ ನಿಂತಿದ್ದೆ. ಕ್ಲಿಫರ್ಡಿನ ಮಾಲೀಕನಿಗೂ ಹೀಗೇ ಏನೋ ಒಂದು ಮರ್ಯಾದೆಯ ಕಾರಣ ಇದ್ದಿರಬೇಕು ಎಂದು ಆಗ ಅನ್ನಿಸಿತು.

ಇಲ್ಲಿ ಅಕ್ಷರ ಇಲ್ಲ ಎಂದೆ.

ಹುಡುಗ ನೋಡಿದ. ಅಷ್ಟೇನಾ ಎಂದ. ಅವರು ಅದನ್ನು ಬಿಡುತ್ತಿರಲಿಲ್ಲ, ಹತ್ತು ವರ್ಷದ ಪೆಟ್ಟಿಗೆಗಳನ್ನು ತೆಗೆದು ನೋಡು ಎಂದೆ. ಅವನು ನಿಜಕ್ಕೂ ತೆಗೆದು ನೋಡಿದ. ಒಂದು, ಎರಡು, ಆರು. ಎಲ್ಲದರ ಮೇಲೂ ಅಕ್ಷರವಿತ್ತು. ತೂಕ ಹಾಕಿ ಪರೀಕ್ಷಿಸೋಣ ಎಂದ, ಆಮೇಲೆ ತಾನೇ ತಲೆಯಾಡಿಸಿದ. ಹಿತ್ತಾಳೆಯ ತೂಕದಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ, ಮುಚ್ಚಿದ ತೋಟಾವನ್ನು ತೂಗಿ ಒಳಗಿನದು ತಿಳಿಯುವುದಿಲ್ಲ. ಅವನ ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು, ಆ ತಿಂಗಳು ಎರಡು ಸಲ ಒಲೆ ಆರಿಸದೆ ಬಂದಿದ್ದರು ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ.

ಗುಂಡು ಕಳಚಲು ಸುತ್ತಿಗೆಯಾಕಾರದ ಒಂದು ಸಾಧನವಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಬೇರೆಯಾಗಿ ಬೀಳುತ್ತವೆ. ಐವತ್ತನ್ನೂ ಕುಟ್ಟಲು ಅವನಿಗೆ ಒಂದು ಗಂಟೆ ಹಿಡಿಯಿತು. ಮೊದಲ ಐದಾರರ ಮದ್ದನ್ನು ಅವನು ತಕ್ಕಡಿಗೆ ಹಾಕಿದ. ಚೀಟಿಯಲ್ಲಿ ಬರೆದ ತೂಕ, ಗ್ರೇನಿನ ಹತ್ತನೇ ಒಂದು ಭಾಗವೂ ಆಚೀಚೆ ಇಲ್ಲ. ನೋಡಿ, ಕೈ ಎಷ್ಟು ಸರಿ ಇತ್ತು ಎಂದ. ಹೌದು ಎಂದೆ. ಕಡ್ಡಿಗಳನ್ನು ಅಂಗೈಯಲ್ಲಿ ಹರಡಿಕೊಂಡು ದೀಪದಡಿ ತುಂಬ ಹೊತ್ತು ನೋಡಿದ. ಗಿಡ್ಡ, ಬೂದು. ಯಾವುದು ಎಂದು ಕೇಳಿದ್ದಕ್ಕೆ ಭುಜ ಹಾರಿಸಿದ.

ಬಟ್ಟಲನ್ನು ಹಿತ್ತಲಿಗೆ ಒಯ್ದೆವು. ಎಲ್ಲಿ ಎರಚಲಿ ಎಂದು ಅವನು ಕೇಳಿದಾಗ ಅವರು ಬೇಲಿಯ ಪಕ್ಕದ ಜಾಗ ತೋರಿಸಿದರು, ಅಲ್ಲೇ ಹಿಂದೊಮ್ಮೆ ಹಾಕಿದ್ದರು ಎಂದರು. ಖಾಲಿ ಪೆಟ್ಟಿಗೆಯನ್ನು ಕಸಕ್ಕೆ ಹಾಕಲು ಬಿಡಲಿಲ್ಲ. ಮುಚ್ಚಳ ಮಾತ್ರ ಕಳಚಿ, ಚೀಟಿಯ ಕಡೆ ಮೇಲೆ ಮಾಡಿ, ಅಡಿಗೆಮನೆಗೆ ಒಯ್ದರು.