ಪಕ್ಕಪಕ್ಕದ ಅಂಗಡಿಗಳು: ಹೋಟೆಲಿಂಗ್ ನಿಜಕ್ಕೂ ಹೇಳಿದ್ದೇನು?

ಒಂದೇ ವೃತ್ತದಲ್ಲಿ ಸಾಲಾಗಿ ನಾಲ್ಕು ಔಷಧದಂಗಡಿಗಳು. ಮೂರು ಕಿಲೋಮೀಟರ್ ಆಚೆಯ ಬಡಾವಣೆಗೆ ಒಂದೂ ಇಲ್ಲ. ಇದನ್ನು ಯಾರಾದರೂ ಪ್ರಶ್ನಿಸಿದರೆ ಸಾರ್ವಜನಿಕ ಚರ್ಚೆಗಳಲ್ಲಿ ಈಗ ಸಿದ್ಧ ಉತ್ತರವೊಂದು ಬರುತ್ತದೆ: ಇದು ಹೋಟೆಲಿಂಗ್ ನಿಯಮ, ಪೈಪೋಟಿ ಇದ್ದಲ್ಲಿ ಅಂಗಡಿಗಳು ಒತ್ತಟ್ಟಿಗೆ ಸೇರುವುದು ಸಹಜ, ಆದ್ದರಿಂದ ಸರ್ಕಾರ ಕೈಹಾಕಬಾರದು. ಈ ‘ಆದ್ದರಿಂದ’ದ ನಂತರದ ಮಾತು ಹೋಟೆಲಿಂಗ್ ಅವರದಲ್ಲ. ಅವರ ಲೆಕ್ಕ ಅದಕ್ಕೆ ನೇರ ವಿರುದ್ಧವಾಗಿದೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ‘ಎಕನಾಮಿಕ್ ಜರ್ನಲ್’ನಲ್ಲಿ ಮಂಡಿಸಿದ ವಿಚಾರದ ಸರಳ ರೂಪ ಹೀಗಿದೆ. ಒಂದು ಕಿಲೋಮೀಟರ್ ಉದ್ದದ ನೇರ ರಸ್ತೆ, ಉದ್ದಕ್ಕೂ ಸಮನಾಗಿ ಹಂಚಿಕೊಂಡ ಮನೆಗಳು. ಅಂಗಡಿ ಎರಡು, ಸರಕು ಒಂದೇ, ಬೆಲೆಯೂ ಒಂದೇ. ಜನ ಹತ್ತಿರದ ಅಂಗಡಿಗೆ ಹೋಗುತ್ತಾರೆ. ಅಂಗಡಿಗಳು ಒಂದೊಂದು ತುದಿಯಿಂದ 250 ಮೀಟರ್ ಒಳಗಿದ್ದರೆ ಯಾರೂ 250 ಮೀಟರಿಗಿಂತ ಹೆಚ್ಚು ನಡೆಯಬೇಕಿಲ್ಲ. ಸರಾಸರಿ ನಡಿಗೆ 125 ಮೀಟರ್. ವ್ಯಾಪಾರ ಇಬ್ಬರಿಗೂ ಅರ್ಧರ್ಧ. ಈಗ ಒಬ್ಬ 50 ಮೀಟರ್ ನಡುವಿನತ್ತ ಸರಿದ ಎನ್ನಿ. ಅವನ ಹಿಂದಿರುವ ಮನೆಗಳಿಗೆ ಬೇರೆ ದಾರಿಯಿಲ್ಲ, ಅವು ಅವನವೇ. ಮುಂದೆ ಎದುರಾಳಿಯ ಪಾಲಿನ 25 ಮೀಟರ್ ಉದ್ದದ ಮನೆಗಳು ಅವನಿಗೆ ಹೊಸದಾಗಿ ದಕ್ಕುತ್ತವೆ. ಎದುರಾಳಿಯೂ ಸುಮ್ಮನಿರುವುದಿಲ್ಲ, ಅವನೂ ಸರಿಯುತ್ತಾನೆ. ಹೀಗೆ ಸರಿದು ಸರಿದು ಇಬ್ಬರೂ ರಸ್ತೆಯ ನಟ್ಟನಡುವೆ ಗೋಡೆಗೆ ಗೋಡೆ ತಾಗಿಸಿ ನಿಲ್ಲುತ್ತಾರೆ. ವ್ಯಾಪಾರ ಮೊದಲಿನಂತೆಯೇ ಅರ್ಧರ್ಧ. ಸರಾಸರಿ ನಡಿಗೆ ಮಾತ್ರ ಇಮ್ಮಡಿಯಾಗಿ 250 ಮೀಟರ್, ತುದಿಮನೆಯವರಿಗೆ 500.

ಇಲ್ಲಿ ಅಂಗಡಿಯವರಿಗೆ ಏನೂ ಸಿಗಲಿಲ್ಲ, ನಡೆಯುವವರು ಮಾತ್ರ ಒಟ್ಟಾರೆ ಕಳೆದುಕೊಂಡರು. ಹೋಟೆಲಿಂಗ್ ಕಂಡದ್ದು ಈ ವ್ಯರ್ಥವನ್ನು. ರಾಜಕೀಯ ಪಕ್ಷಗಳು, ಚರ್ಚುಗಳು, ಸೇಬಿನ ಪಾನೀಯ ಎಲ್ಲವೂ ಅತಿಯಾಗಿ ಒಂದನ್ನೊಂದು ಹೋಲುತ್ತವೆ ಎಂದು ಅವರು ಅದೇ ಲೇಖನದಲ್ಲಿ ಬರೆದದ್ದು ಮೆಚ್ಚುಗೆಯಿಂದಲ್ಲ.

ಈ ಲೆಕ್ಕಕ್ಕೆ ಮುಂದೊಂದು ತಿದ್ದುಪಡಿ ಬಂತು. ಬೆಲೆಯನ್ನೂ ಅಂಗಡಿಯವರೇ ನಿರ್ಧರಿಸುವುದಾದರೆ ಪಕ್ಕಪಕ್ಕದಲ್ಲಿ ನಿಂತವರ ನಡುವೆ ದರಸಮರ ತಪ್ಪದು, ಹಾಗಾಗಿ ಹೋಟೆಲಿಂಗ್ ನಂಬಿದ ಸ್ಥಿರತೆ ಅಲ್ಲಿ ನಿಲ್ಲುವುದಿಲ್ಲ ಎಂದು ದಾಸ್ಪ್ರೆಮೋ, ಗಾಬ್ಸೆವಿಚ್, ತೀಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1979ರಲ್ಲಿ ತೋರಿಸಿದರು. ದೂರ ಎರಡು ಪಟ್ಟಾದಾಗ ಓಡಾಟದ ಹೊರೆ ನಾಲ್ಕು ಪಟ್ಟಾಗುತ್ತದೆ ಎಂದಿಟ್ಟುಕೊಂಡರಂತೂ ಇಬ್ಬರೂ ದರಸಮರಕ್ಕೆ ಅಂಜಿ ಎರಡು ತುದಿಗಳಿಗೆ ಸರಿಯುತ್ತಾರೆ. ಆಗಲೂ ಸರಾಸರಿ ನಡಿಗೆ ಅದೇ 250 ಮೀಟರ್; ಈ ಬಾರಿ ಬವಣೆ ನಡುವಿನ ಮನೆಗಳವರದು. ಒಂದೇ ಕಡೆ ಸೇರಿದರೂ, ದೂರ ದೂರ ಹೋದರೂ, ಜನರಿಗೆ ಒಳಿತಾದ 125 ಮೀಟರ್ ತಾನಾಗಿ ಬರಲಿಲ್ಲ.

ಹಾಗಾದರೆ ಅಂಗಡಿಗಳು ಸೇರಿಕೊಂಡಲ್ಲೆಲ್ಲ ಜನರಿಗೆ ನಷ್ಟವೇ? ಅಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಗಳನ್ನು ನೋಡಿ. ಮದುವೆ ಜವಳಿಗೆಂದು ತುಮಕೂರು, ಕೋಲಾರದಿಂದ ಬರುವವರು ಯಾವುದೋ ಒಂದು ಅಂಗಡಿಯನ್ನು ನಂಬಿ ಬರುವುದಿಲ್ಲ, ಪೇಟೆಯನ್ನು ನಂಬಿ ಬರುತ್ತಾರೆ. ಇಲ್ಲಿ ಸಿಗದಿದ್ದರೆ ಪಕ್ಕದಲ್ಲಿ, ಅಲ್ಲಿ ದುಬಾರಿಯಾದರೆ ಎದುರಿಗೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಕಥೆಯೂ ಇದೇ. ಹೋಲಿಸಿ ನೋಡುವ ಶ್ರಮಕ್ಕೂ ಬೆಲೆಯಿದೆ ಎಂದು 1961ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ವಿವರಿಸಿದರು. ಪೇಟೆ ಆ ಶ್ರಮವನ್ನು ಕಡಿಮೆ ಮಾಡುತ್ತದೆ. ತಲೆನೋವಿನ ಮಾತ್ರೆಗೆ ಅಂಥ ಹೋಲಿಕೆ ಬೇಕಿಲ್ಲ. ಅದರ ಗರಿಷ್ಠ ಬೆಲೆ ಪಟ್ಟಿಯ ಮೇಲೇ ಅಚ್ಚಾಗಿದೆ. ನಾಲ್ಕು ಅಂಗಡಿಯಲ್ಲೂ ಅದೇ ಮಾತ್ರೆ.

ಈ ಎರಡನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ಪಕ್ಕದ ಅಂಗಡಿಗಳು ಮುಚ್ಚಿದರೆ ಉಳಿದವನಿಗೆ ಏನಾಗುತ್ತದೆ? ಗಿರಾಕಿ ಹೆಚ್ಚಿದರೆ ಅದು ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯುವ ಸೇರುವಿಕೆ. ಜನ ಆ ಪೇಟೆಗೇ ಬರುವುದನ್ನು ಬಿಟ್ಟರೆ ಅದು ಜನರನ್ನು ಕರೆತರುವ ಸೇರುವಿಕೆ. ಮೊದಲನೆಯದನ್ನು ಚದುರಿಸಿದರೆ ಊರಿಗೆ ಲಾಭ, ಎರಡನೆಯದನ್ನು ಚದುರಿಸಿದರೆ ಎಲ್ಲರಿಗೂ ನಷ್ಟ.

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರೊಂದಿಗೆ ನನ್ನ ಜಗಳ ಇಲ್ಲಿಯೇ. ಸಿದ್ಧಾಂತದ ಊಹೆಗಳು ವಾಸ್ತವಕ್ಕೆ ಹತ್ತಿರ ಇವೆಯೇ ಎಂದು ನೋಡಬೇಕಿಲ್ಲ, ಅದು ಹೇಳುವ ಭವಿಷ್ಯ ನಿಜವಾಗುತ್ತದೆಯೇ ಎಂದಷ್ಟೇ ನೋಡಿ ಎಂದು 1953ರ ಪ್ರಬಂಧದಲ್ಲಿ ಅವರು ವಾದಿಸಿದರು. ಆ ಅಳತೆಗೋಲು ಹಿಡಿದರೆ ‘ಅಂಗಡಿಗಳು ಒಂದೆಡೆ ಸೇರುತ್ತವೆ’ ಎಂಬ ಭವಿಷ್ಯ ಔಷಧದ ವೃತ್ತದಲ್ಲೂ ನಿಜ, ಚಿಕ್ಕಪೇಟೆಯಲ್ಲೂ ನಿಜ. ಆದರೆ ಕಾರಣ ಬೇರೆ, ಮಾಡಬೇಕಾದ ಕೆಲಸ ಬೇರೆ. ಬೆಲೆ ಮತ್ತು ಓಡಾಟದ ಹೊರೆಯ ಬಗೆಗಿನ ಊಹೆಗಳು ಬದಲಾದರೆ ನಡುವಿನಲ್ಲಿದ್ದ ಅಂಗಡಿ ತುದಿಗೆ ಹಾರುತ್ತದೆ ಎನ್ನುವಾಗ, ಊಹೆಯನ್ನು ಪರೀಕ್ಷಿಸುವುದೇ ತತ್ತ್ವಚಿಂತನೆಯ ಮೊದಲ ಕೆಲಸ. ಅದನ್ನು ಬಿಟ್ಟವರು ಕಂಡದ್ದನ್ನೇ ಸರಿಯೆಂದು ಕರೆಯುವ ಹಂತಕ್ಕೆ ಬೇಗ ತಲುಪುತ್ತಾರೆ.

ಸರ್ಕಾರ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿ 14 ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡವು. 1977ರಲ್ಲಿ ರಿಸರ್ವ್ ಬ್ಯಾಂಕ್, ಈಗಾಗಲೇ ಬ್ಯಾಂಕು ಇರುವ ಊರಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ಕಡೆ ನಾಲ್ಕು ತೆರೆಯಬೇಕು ಎಂದು ನಿಯಮ ಮಾಡಿತು. 1990ರಲ್ಲಿ ಅದನ್ನು ಕೈಬಿಡಲಾಯಿತು. ಸಾಲ ವಸೂಲಿ ಕುಂಟಿತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಈ ಶಾಖೆಗಳು ಗ್ರಾಮೀಣ ಬಡತನವನ್ನು ತಗ್ಗಿಸಿದವು ಎಂದು ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪೈಪೋಟಿಗೆ ಮಾತ್ರ ಬಿಟ್ಟಿದ್ದರೆ ಆ ಊರುಗಳಿಗೆ ಬ್ಯಾಂಕು ಹೋಗುತ್ತಿರಲಿಲ್ಲ.

ಮುಂದೆ ಯಾರಾದರೂ ಹೋಟೆಲಿಂಗ್ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ಎರಡು ಪ್ರಶ್ನೆ ಕೇಳಿ: ಇದು ಕಸಿಯುವ ಸೇರುವಿಕೆಯೋ, ಕರೆತರುವ ಸೇರುವಿಕೆಯೋ? ಹೆಚ್ಚುವರಿ ದೂರ ನಡೆಯುತ್ತಿರುವವರು ಯಾರು? ಕಸಿಯುವ ಸೇರುವಿಕೆಯಾದರೆ, ಹೊಸ ಪರವಾನಗಿಯನ್ನು ಅಂಗಡಿಯಿಲ್ಲದ ಬಡಾವಣೆಗೆ ಕೊಡಿ ಎಂದು ಒತ್ತಾಯಿಸಿ. ಹೋಟೆಲಿಂಗ್ ಅವರ ಲೆಕ್ಕ ನಿಮ್ಮ ಪರವಾಗಿದೆ.